ಹಿಂದಿನದು ಮೊದಲು

“ಹೋಗು ಅಂದ್ರೆ ಹೋಗೇ!”

ಗಡಿಬಿಡಿ ಬೈದಿದ್ದು ದಾರವನ್ನು. ಬೈಸಿಕೊಂಡರೂ ದಾರ ಹೋಗಲಿಲ್ಲ. ಗಾಳದ ಕೊಕ್ಕೆಯ ಪುಟಾಣಿ ಕಣ್ಣೆಲ್ಲಿ, ಈ ದಪ್ಪ ಕಿತ್ತಳೆ ದಾರವೆಲ್ಲಿ! ಅವಳು ತುದಿಯನ್ನು ನೆಕ್ಕಿದಳು, ಹೊಸೆದಳು, ಮತ್ತೆ ತುರುಕಿದಳು.

“ಅಕ್ಕಾ, ಅದು ದಪ್ಪ ಇದೆ,” ಎಂದಳು ಹಿಂದೆ ನಿಂತಿದ್ದ ತಂಗಿ.

“ನಿನ್ನ ಯಾರಾದ್ರೂ ಕೇಳಿದ್ರಾ?”

ಅಕ್ಕ ಹೋದಲ್ಲೆಲ್ಲ ಹಿಂದೆ ಹಿಂದೆ ಬರುವ ತಂಗಿಗೆ ಮನೆಯಲ್ಲಿ ‘ಬಾಲ’ ಎಂದೇ ಹೆಸರು. ಅಕ್ಕನ ಹೆಸರು ‘ಗಡಿಬಿಡಿ’. ಎರಡನ್ನೂ ಇಟ್ಟವಳು ಅತ್ತೆ. ಅತ್ತೆ ವಾರವಿಡೀ ಬಸ್ಸು ಓಡಿಸುತ್ತಾಳೆ, ಭಾನುವಾರ ಕೆರೆಯಲ್ಲಿ ಮೀನು ಹಿಡಿಯುತ್ತಾಳೆ. ಎರೆಹುಳದ ಗಲೀಜು ಅವಳಿಗಾಗದು. ಕೊಕ್ಕೆಗೆ ಗರಿ, ನೂಲು ಸುತ್ತಿ ಸುಳ್ಳು ನೊಣ ಮಾಡಿ, ಅದರಿಂದಲೇ ಮೀನಿಗೆ ಟೋಪಿ ಹಾಕುತ್ತಾಳೆ.

ನಿನ್ನೆ ಅವಳು ಒಂದು ಹೊಸ ಕೋಲು, ಖಾಲಿ ರೀಲು, ಮೂರು ಪ್ಯಾಕೆಟ್ ದಾರ ಕೊಟ್ಟು ಹೋಗಿದ್ದಳು. “ದಾರ ನೀನೇ ಸುತ್ತಿಡು. ಹತ್ತು ಗಂಟೆ ಬಸ್ಸಿಗೆ ರೆಡಿ ಇದ್ರೆ ಹೋಗೋಣ. ಇಲ್ಲಾಂದ್ರೆ ಮೂರು ತಿಂಗಳು ಕಾಯಬೇಕು.” ನಾಳೆಯಿಂದ ಮೀನು ಮೊಟ್ಟೆಯಿಡುವ ಕಾಲ, ಕೆರೆಯಲ್ಲಿ ಗಾಳ ಹಾಕುವಂತಿಲ್ಲ. ಗಡಿಬಿಡಿಯೋ, ‘ನಾನೇ ರೆಡಿ ಮಾಡಿದ ಕೋಲಲ್ಲಿ ಮೀನು ಹಿಡೀತೀನಿ’ ಎಂದು ಇಡೀ ಕ್ಲಾಸಿಗೆ ಸಾರಿಬಿಟ್ಟಿದ್ದಳು.

ಪ್ಯಾಕೆಟ್‌ಗಳ ಮೇಲೆ ಅತ್ತೆಯ ಅಕ್ಷರವಿತ್ತು. ಕೂದಲಿನಂಥ ತೆಳು ದಾರಕ್ಕೆ ‘ಮುಂದೆ’. ಹಸಿರು ದಾರಕ್ಕೆ ‘ನಡುವೆ’. ಕಿತ್ತಳೆ ದಾರಕ್ಕೆ ‘ಹಿಂದೆ’. ಇದರಲ್ಲೇನು ಕಷ್ಟ? ಗಡಿಬಿಡಿ ಮೊದಲು ‘ಮುಂದೆ’ಯನ್ನು ರೀಲಿಗೆ ಕಟ್ಟಿ ಸುತ್ತಿದಳು, ಅದಕ್ಕೆ ‘ನಡುವೆ’ಯನ್ನು ಕಟ್ಟಿದಳು, ಕೊನೆಗೆ ‘ಹಿಂದೆ’. ನೊಣ ಕಟ್ಟಿದರೆ ಮುಗಿಯಿತು ಅನ್ನುವಾಗ ಈ ಪೇಚಾಟ.

ಎಂಟೂವರೆಗೆ ಅತ್ತೆ ಬಂದಳು. ರೀಲನ್ನು ನೋಡಿದವಳೇ ಸೊಂಟ ಹಿಡಿದುಕೊಂಡು ನಕ್ಕಳು.

“ಓದಿದ್ದು ಸರಿ ಕಣೇ, ಸುತ್ತಿದ್ದು ತಲೆಕೆಳಗು! ನಮ್ಮ ಬಸ್ಸಲ್ಲಿ ಬರೆದಿರೋದು ನೋಡಿಲ್ವಾ? ಅವಸರವೇ ಅಪಘಾತಕ್ಕೆ ಕಾರಣ.”

“ನೀನೇ ತಾನೇ ‘ಹಿಂದೆ’ ಅಂತ ಬರೆದಿದ್ದು? ಹಿಂದಿನದು ಆಮೇಲೆ ಅಲ್ವಾ?”

“ಸ್ಕೂಲ್ ಬ್ಯಾಗಲ್ಲಿ ಕೊನೇ ಪೀರಿಯಡ್ ಪುಸ್ತಕ ಎಲ್ಲಿಡ್ತೀಯ?”

“ಅಡೀಲಿ.”

“ಅಂದ್ರೆ ಮೊದಲು ಇಡ್ತೀಯ. ರೀಲಿಗೂ ಹಾಗೇ, ಹಿಂದಿನದೇ ಮೊದಲು. ಈ ಹಿಂದಿನ ದಾರಕ್ಕೆ ಬ್ಯಾಕಿಂಗ್ ಅಂತಾರೆ.”

“ಈ ಕಿತ್ತಳೆ ದಾರ ಯಾವಾಗ ಹೊರಗೆ ಬರುತ್ತೆ?”

“ಹೆಚ್ಚಿನ ಸಲ ಬರೋದೇ ಇಲ್ಲ. ದೊಡ್ಡ ಮೀನು ಕಚ್ಚಿ ಹಸಿರು ದಾರ ಪೂರ್ತಿ ಎಳ್ಕೊಂಡು ಹೋದ್ರೆ ಮಾತ್ರ.”

“ಮತ್ತೆ ಯಾಕೆ? ದಂಡ!”

“ಆ ಒಂದು ದಿನಕ್ಕೆ.”

ವಾದ ಮಾಡಲು ಹೊತ್ತಿರಲಿಲ್ಲ. ಎಲ್ಲ ದಾರವನ್ನೂ ಬಿಚ್ಚಿದರು. ಅದು ಹಜಾರ ದಾಟಿ, ಮೆಟ್ಟಿಲಿಳಿದು, ಕೆಳಗಿನ ದರ್ಜಿಯಂಗಡಿಯವರೆಗೂ ಹೋಯಿತು.

“ಏನಮ್ಮಾ, ನನ್ನ ಅಂಗಡೀನೇ ಸೇರಿಸಿ ಹೊಲೀತೀರಾ?” ದರ್ಜಿ ಕೂಗಿದ.

“ಅಳತೆ ತಗೋತಿದ್ದೀವಿ ಮಾಮಾ!” ಎಂದು ಬಾಲ ಉತ್ತರ ಕೊಟ್ಟಳು.

ಈಗ ಕಿತ್ತಳೆ ದಾರವನ್ನು ರೀಲಿಗೆ ಕಟ್ಟಿದರು. ಸಡಿಲವಾಗಿ ಸುತ್ತಿದರೆ ಮೀನು ಎಳೆದಾಗ ಸಿಕ್ಕು ಬಿದ್ದು ಕಡಿದೇ ಹೋಗುತ್ತದಂತೆ. ಒಬ್ಬರು ಸುತ್ತಬೇಕು, ಇನ್ನೊಬ್ಬರು ದಾರವನ್ನು ಕರ್ಚೀಫಿನ ಮಡಿಕೆಯಲ್ಲಿ ಬಿಗಿಯಾಗಿ ಹಿಡಿದಿರಬೇಕು. ಅತ್ತೆ ಮೆಟ್ಟಿಲ ಮೇಲೆ ಸಿಕ್ಕು ಬಿಡಿಸುತ್ತಿದ್ದಳು. ಉಳಿದವಳು ಬಾಲ ಒಬ್ಬಳೇ.

“ಇವಳಾ? ಎರಡು ನಿಮಿಷ ನೆಟ್ಟಗೆ ನಿಲ್ಲಲ್ಲ ಇವಳು!”

ಬಾಲ ನಿಂತಳು. ಎರಡಲ್ಲ, ಇಪ್ಪತ್ತು ನಿಮಿಷ.

“ಅಕ್ಕಾ, ಮೂಗು ಕೆರೀತಿದೆ.”

“ಕೈ ಬಿಟ್ರೆ ನೋಡು!”

ಕೊನೆಗೆ ಅತ್ತೆಯೇ ಮೇಲೆ ಬಂದು ಆ ಮೂಗನ್ನು ಕೆರೆಯಬೇಕಾಯಿತು.

ಕಿತ್ತಳೆ ದಾರ ಮುಗಿಯಿತು. ಅದಕ್ಕೆ ಹಸಿರು ದಾರ ಸೇರಿಸಿ ಗಂಟು ಹಾಕಿದಾಗ ಅತ್ತೆ ತಡೆದಳು. “ಒಣಗಂಟು ಎಳೀಬೇಡ, ದಾರ ಉಜ್ಜಿ ಬಿಸಿಯಾಗಿ ಸುಟ್ಟುಹೋಗುತ್ತೆ. ಒದ್ದೆ ಮಾಡು.”

“ನಾನು ಉಗೀಲಾ?” ಬಾಲಳ ಮುಖ ಅರಳಿತು. ಯಾರೂ ಹೂಂ ಅನ್ನುವ ಮೊದಲೇ “ಥೂ!” ಎಂದು ಉಗಿದಳು. ಗಂಟಿಗೆ ಅರ್ಧ, ಅಕ್ಕನ ಹೆಬ್ಬೆರಳಿಗೆ ಅರ್ಧ.

ಹಸಿರು ದಾರ ಸುತ್ತಿ, ಅದರ ತುದಿಗೆ ತೆಳು ದಾರ ಕಟ್ಟಿ, ಕೋಲಿನ ಉಂಗುರಗಳಲ್ಲಿ ತೂರಿಸಿ, ನೊಣ ಕಟ್ಟುವಷ್ಟರಲ್ಲಿ ಹತ್ತಕ್ಕೆ ಐದು ನಿಮಿಷ. ಮೂವರೂ ಎದ್ದೆನೋ ಬಿದ್ದೆನೋ ಎಂದು ಓಡಿ ಬಸ್ಸು ಹಿಡಿದರು.

ಬಸ್ಸಿನಲ್ಲಿ ಗಡಿಬಿಡಿ ತಂಗಿಯ ಬೆರಳು ನೋಡಿದಳು. ದಾರ ಉಜ್ಜಿದ ಕಡೆ ಕೆಂಪು ಗೆರೆ ಎದ್ದಿತ್ತು. ಅವಳಿಗೆ ಒಂಥರಾ ಆಯಿತು. ಬೇಗನೆ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದಳು.

ಕೆರೆಯ ದಡದಲ್ಲಿ ಮಾತ್ರ ಹಳೇ ಚಾಳಿ. “ಬಾಲಾ, ನೀನು ಹಿಂದೆ ಕೂತ್ಕೋ. ಕೆಮ್ಮಲೂ ಬೇಡ.”

ಬಾಲ ಹಿಂದೆ ಕೂತಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ಮೊದಲ ಎಸೆತ ಪೊದೆಗೆ. ಎರಡನೆಯದು ಅತ್ತೆಯ ಟೋಪಿಗೆ. ಹನ್ನೊಂದನೆಯದೋ ಹನ್ನೆರಡನೆಯದೋ ನೀರಿಗೆ ಬಿತ್ತು. ನೊಣ ಒಂದು ಕ್ಷಣ ತೇಲಿತು. ಆಮೇಲೆ ಕಾಣಲಿಲ್ಲ.

ರೀಲು ಕಿರ್ರೆಂದು ತಿರುಗಿತು! ಕೋಲು ಬಾಗಿತು. ಹಸಿರು ದಾರ ಓಡಿತು, ಓಡಿತು, ಮುಗಿದೇ ಹೋಯಿತು. ಉಗಿದು ಬಿಗಿದ ಆ ಗಂಟು ಉಂಗುರಗಳಿಗೆ ಟಿಕ್ ಟಿಕ್ ಎಂದು ತಾಗುತ್ತಾ ಹೊರಬಿತ್ತು. ಗಡಿಬಿಡಿ ಕೋಲನ್ನು ಬಿಗಿಹಿಡಿದಳು.

ಗಂಟು ಬಿಚ್ಚಲಿಲ್ಲ. ಅದರ ಹಿಂದೆಯೇ ಕಿತ್ತಳೆ ದಾರ ಬಂತು. ಎಲ್ಲೂ ಸಿಕ್ಕಾಗದೆ, ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತಾ ಬಂತು.

ಅವಳು ಆ ದಾರವನ್ನೇ ನೋಡಿದಳು.

“ಬಾಲಾ,” ಎಂದಳು, ದಾರದಿಂದ ಕಣ್ಣು ತೆಗೆಯದೆ. “ಮುಂದೆ ಬಾ.”

“ನಾನಾ?”

“ಬೇಗ ಬಾರೇ. ನಿನ್ನ ದಾರ ಓಡ್ತಿದೆ.”

ಬಾಲ ಓಡಿ ಬಂದಳು. ಗಡಿಬಿಡಿ ಒಂದು ಹೆಜ್ಜೆ ಸರಿದು ಜಾಗ ಬಿಟ್ಟಳು. ಕೆಂಪು ಗೆರೆಯ ಬೆರಳುಗಳೂ ಕೋಲನ್ನು ಹಿಡಿದವು. ಮೀನು ಆಚೆ ಎಳೆಯಿತು, ಇವರು ಈಚೆ ಎಳೆದರು.

“ಅಕ್ಕಾ,” ಬಾಲ ಪಿಸುಗುಟ್ಟಿದಳು, “ಇನ್ನೊಂದ್ಸಲ ಉಗೀಲಾ?”