ಎಂಟು ಸಲ ಸರಿದ ಬೆಟ್ಟ

"ಏನ್ರೀ ಇದು? ನಿಮ್ಮ ನದಿ ಬೆಟ್ಟ ಹತ್ತುತ್ತಾ ಇದೆ!"

ಆಟಿಕೆ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದವರೆಲ್ಲ ತಲೆಯೆತ್ತಿದರು. ಅವಳ ಕೈಯಲ್ಲಿ ಪೆನ್ಸಿಲ್ಲಿನಿಂದ ಗೀಚಿದ ಒಂದು ಹಾಳೆ. ಅದನ್ನು ಗೀಚಿದ ಮಹಾಶಯ ಎದುರಿಗೇ ಕೂತಿದ್ದ.

"ಮಾಯಾಲೋಕ ಅಲ್ವಾ ಮೇಡಂ... ಅಲ್ಲಿ ಹತ್ತಬಹುದು."

"ಮಾಯೆ ಬೇರೆ, ಮಂಕುತನ ಬೇರೆ! ನೀರು ಎಲ್ಲಿದ್ರೂ ಕೆಳಗೇ ಹರಿಯೋದು."

ಅವನು ನಕ್ಕುಬಿಟ್ಟ. ಬೈದರೆ ನಗುವ ಗಂಡಸನ್ನು ಅವಳು ಅದೇ ಮೊದಲು ನೋಡಿದ್ದು. ಒಂದು ಕ್ಷಣ ಎದೆ ಝಲ್ಲೆಂದಿತು... ಮರುಕ್ಷಣವೇ ತನ್ನ ಮೇಲೇ ಸಿಟ್ಟು ಬಂತು.

ಅವಳು ಸರ್ವೆ ಕಛೇರಿಯಲ್ಲಿ ನಕ್ಷೆ ಬರೆಯುವವಳು. ಯಾರದೋ ನಿವೇಶನ, ಯಾರದೋ ಬೇಲಿ. ಏಳು ವರ್ಷ ಗೆರೆ ಎಳೆದರೂ ಒಂದು ನಕ್ಷೆಯ ಮೂಲೆಯಲ್ಲೂ ಅವಳ ಹೆಸರಿರಲಿಲ್ಲ; ಸಹಿ ಹಾಕುವುದು ಮೇಲಧಿಕಾರಿ. ಆದ್ದರಿಂದಲೇ ಅಂಗಡಿಯ ಮಾಲೀಕರಾದ ಸೋದರಮಾವ, "ಪುಟ್ಟೀ, ಈ ಕಥೆಗಾರ ಮೇಜಿನ ಮೇಲೆ ಆಡೋ ಆಟ ಒಂದು ಬರೆದಿದ್ದಾನೆ. ಇಡೀ ಖಂಡದ ನಕ್ಷೆ ಕೈಯಲ್ಲೇ ಬಿಡಿಸಬೇಕಂತೆ. ನಿನ್ನ ಹೆಸರು ಅಚ್ಚಾಗುತ್ತೆ," ಎಂದಾಗ ಅವಳು ಹಿಂದುಮುಂದು ನೋಡದೆ ಒಪ್ಪಿದ್ದಳು.

ಒಪ್ಪಿ ಕೆಟ್ಟಳು ಅನ್ನಿ!

ಪ್ರತಿ ಶನಿವಾರ ಮಧ್ಯಾಹ್ನ ಅವಳು ಆ ಕೋಣೆಯಲ್ಲಿ ದಪ್ಪ ಕಾಗದ ಹರಡಿ ಕೂರುತ್ತಿದ್ದಳು. ಕರಾವಳಿ, ಕಾಡು, ಕೋಟೆ ಎಲ್ಲವೂ ಶಾಯಿಯಲ್ಲಿ. ನಾಲ್ಕು ಗಂಟೆಗೆ ಸರಿಯಾಗಿ ಕಥೆಗಾರ ಬರುತ್ತಿದ್ದ. ಬಂದವನೇ ತಲೆ ಕೆರೆದುಕೊಳ್ಳುತ್ತಿದ್ದ.

"ಎಲ್ಲಾ ಚೆನ್ನಾಗಿದೆ. ಆದ್ರೆ ಈ ನಡುವಿನ ಬೆಟ್ಟ... ಒಂದು ಬೆರಳು ಪಶ್ಚಿಮಕ್ಕೆ ಹೋದ್ರೆ?"

ಶಾಯಿ ಅಂದರೆ ಪೆನ್ಸಿಲ್ಲೇ, ಅಳಿಸಲು? ಬ್ಲೇಡಿನ ಮೊನೆಯಿಂದ ಒಂದೊಂದೇ ಗೆರೆ ಕೆರೆಯಬೇಕು, ಕಾಗದ ಉಜ್ಜಿ ನಯ ಮಾಡಬೇಕು, ಮತ್ತೆ ಬಿಡಿಸಬೇಕು. ಕೆರೆಯುವ ಮೊದಲು ಬೆಟ್ಟ ಇದ್ದ ಜಾಗವನ್ನು ಟ್ರೇಸಿಂಗ್ ಕಾಗದದ ಮೇಲೆ ಎತ್ತಿ, ನಂಬರು ಹಾಕಿ ಇಡುವುದು ಅವಳ ರೂಢಿ. ಸರ್ವೆಯವರ ಬುದ್ಧಿ!

ಪಶ್ಚಿಮಕ್ಕೆ ಹೋದ ಬೆಟ್ಟ ಮುಂದಿನ ವಾರ ಉತ್ತರಕ್ಕೆ ಹೋಗಬೇಕಾಯಿತು. ಅದರ ಮುಂದಿನ ವಾರ ಚೂರು ಓರೆಯಾಗಬೇಕಾಯಿತು.

"ಬೆಟ್ಟಕ್ಕೇನು ಕಾಲಿದ್ಯಾ?" ಎಂದು ಅವಳು ರೇಗಿದರೆ, "ಇದೊಂದು ಸಲ ಮೇಡಂ..." ಎಂದು ಅವನು ಪೆಚ್ಚು ಮೋರೆ ಹಾಕುತ್ತಿದ್ದ. ಅವಳು ಹಲ್ಲು ಕಚ್ಚಿಕೊಂಡು ಕೆರೆಯುವಾಗ ಎದುರು ಕೂತು, ಒಂದೊಂದು ಊರಿನ ಕಥೆ ಹೇಳುತ್ತಿದ್ದ. ಕೇಳಿಸದವಳಂತೆ ಅವಳು ಪೂರ್ತಿ ಕೇಳುತ್ತಿದ್ದಳು. ಶನಿವಾರ ಮನೆ ಬಿಡುವ ಮುಂಚೆ ಎರಡೆರಡು ಸಲ ತಲೆ ಬಾಚಿಕೊಳ್ಳುವುದು ಯಾವಾಗ ಶುರುವಾಯಿತೋ, ಅವಳಿಗೇ ಗೊತ್ತಿಲ್ಲ.

ಎಂಟನೆಯ ಸಲ ಬೆಟ್ಟ ಸರಿಯಬೇಕೆಂದಾಗ ಅವಳು ನಕ್ಷೆಯನ್ನು ಅವನ ಮುಂದೆ ತಳ್ಳಿದಳು. ಅವನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಟ್ಟು, ಮುಂದಿನ ಅಂಗಡಿಗೆ ಹೋದ. ಅವಳು ಬ್ಲೇಡು ಎತ್ತಿಕೊಂಡಳು. ಕೆರೆದೂ ಕೆರೆದೂ ಸವೆದಿದ್ದ ಕಾಗದ... ಚರ್ರ್!

ಖಂಡದ ನಟ್ಟನಡುವೆ ಹೆಬ್ಬೆರಳಗಲದ ತೂತು.

ಅಯ್ಯೋ... ಮೂರು ತಿಂಗಳ ಕೆಲಸ! ತೇಪೆ ಹಾಕಲು ಸಾಧ್ಯವೇ ಎಂದು ಹಳೆಯ ಎಂಟೂ ಟ್ರೇಸಿಂಗುಗಳನ್ನು ತೆಗೆದಳು. ಹೊಸ ಗುರುತನ್ನೂ ಎತ್ತಿ ಒಂಬತ್ತೆಂದು ನಂಬರು ಹಾಕಿದಳು. ಎಲ್ಲವನ್ನೂ ಕಿಟಕಿಯ ಗಾಜಿಗೆ ಹಿಡಿದಳು.

ಒಂಬತ್ತನೆಯದು ಒಂದನೆಯದರ ಮೇಲೆ ಕರಾರುವಾಕ್ಕಾಗಿ ಕೂತಿತು. ಕೂದಲೆಳೆಯ ವ್ಯತ್ಯಾಸವೂ ಇಲ್ಲ!

ಅವಳ ಪಿತ್ತ ನೆತ್ತಿಗೇರಿತು.

"ಬನ್ರೀ ಇಲ್ಲಿ! ಬೆಟ್ಟಾನ ಊರೆಲ್ಲ ಸುತ್ತಿಸಿ ಇದ್ದಲ್ಲಿಗೇ ತಂದಿದ್ದೀರ. ಏನು, ತಮಾಷೆನಾ? ನಾನು ಬೆವರು ಸುರಿಸೋದು ನೋಡೋಕೆ ಮಜಾನಾ ನಿಮಗೆ?"

"ಅಲ್ಲ... ಅದು... ನಾನು..." ಅವನು ತೂತು ನೋಡಿದ, ಅವಳನ್ನು ನೋಡಿದ. ಬಾಗಿಲಲ್ಲಿ ಮಾವ ಬಂದು ನಿಂತಿದ್ದರು. ಅವನು ಅವರತ್ತ ನೋಡಿ ತಲೆ ಕೆರೆದುಕೊಂಡ.

"ಸರಿ ಬಿಡಿ. ಇದಕ್ಕೆ ನಾನು ಸಹಿ ಹಾಕಲ್ಲ. ಇದು ನನ್ನ ನಕ್ಷೆ ಅಲ್ಲ."

ದಾರಿಯುದ್ದಕ್ಕೂ ಅವಳು ಅತ್ತಳು. ನಕ್ಷೆ ಹರಿದದ್ದಕ್ಕೋ, ನಂಬಿದವನು ಆಟವಾಡಿಸಿದ್ದಕ್ಕೋ... ಎರಡಕ್ಕೂ.

ಮರುವಾರ ಭಾನುವಾರ ಮಾವನ ಫೋನು. "ನಿನ್ನ ನಿಬ್ಬಿನ ಡಬ್ಬಿ ಇಲ್ಲೇ ಬಿದ್ದಿದೆ. ಅವನ ಮೇಲಿನ ಸಿಟ್ಟು ನನ್ನ ಮೇಲೆ ಯಾಕೆ? ಬಂದು ತಗೊಂಡು ಹೋಗು."

ಮುಖ ಊದಿಸಿಕೊಂಡೇ ಹೋದಳು. ಕೋಣೆಯಲ್ಲಿ ಆಟ ನಡೆಯುತ್ತಿತ್ತು. ಮೇಜಿನ ಮೇಲೆ ಅವಳದೇ ನಕ್ಷೆ, ತೂತಿನ ಸಮೇತ! ಸುತ್ತ ಆಟ ಆಡಿನೋಡಲು ಬಂದ ಮೂವರು: ನಿವೃತ್ತ ಟೀಚರ್, ಹಲ್ಲಿನ ಡಾಕ್ಟರ್, ಬಸ್ ಡ್ರೈವರ್. ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ ಕಥೆಗಾರ ಅವಳನ್ನು ನೋಡಲಿಲ್ಲ.

"ನಮ್ಮ ದಂಡು ಇಲ್ಲಿಗೆ ಬಂತಪ್ಪ. ಏನಿದು, ಬಯಲ ಮಧ್ಯೆ ತೂತು?" ಎಂದರು ಟೀಚರ್.

"ನನ್ನ ಹತ್ರ ಬಂದಿದ್ರೆ ತುಂಬಿಸಿ ಕಳಿಸ್ತಿದ್ದೆ," ಎಂದರು ಡಾಕ್ಟರ್.

ಅವನು ನಗಲಿಲ್ಲ.

"ಅಲ್ಲೊಂದು ಬೆಟ್ಟ ಇತ್ತು. ಆ ನಾಡಿನ ದೊರೆ ಮಹಾ ಪುಕ್ಕಲ. ಬೆಟ್ಟ ಬಿಡಿಸೋಳನ್ನ ವಾರವಾರ ನೋಡ್ಬೇಕು ಅಂತ ಆಸೆ, ಸುಮ್ನೆ ಬಂದು ಕೂರೋಕೆ ಧೈರ್ಯ ಇಲ್ಲ. ಅದಕ್ಕೇ ಬೆಟ್ಟ ಸರಿಯಿಲ್ಲ ಅಂತಿದ್ದ. ಮೊದಲಿಂದ ಅದು ಸರಿಯಾಗೇ ಇತ್ತು. ಕೊನೆಗೆ ಸರಿಸೋಕೆ ಜಾಗವೇ ಉಳೀಲಿಲ್ಲ."

"ಆಮೇಲೆ?" ಡ್ರೈವರ್ ಮುಂದಕ್ಕೆ ಬಾಗಿದ.

"ನೆಲ ಸವೆದು ತೂತಾಯ್ತು. ಅವಳು ಹೋಗ್ಬಿಟ್ಟಳು."

"ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

ಅವನು ಬೆಚ್ಚಿಬಿದ್ದು ತಿರುಗಿದ. "ನಿಮ್ಮ ಮಾವ ಬಾಗಿಲಲ್ಲೇ ಇದ್ರಲ್ಲ..."

"ನನ್ನನ್ಯಾಕೆ ಎಳೀತೀಯಪ್ಪ? ನನಗೆ ಮೂರನೇ ಸಲಕ್ಕೇ ಗೊತ್ತಾಗಿತ್ತು!" ಎಂದರು ಅವಳ ಹಿಂದೆಯೇ ಬಂದಿದ್ದ ಮಾವ.

"ಒಂದು ಮಾತು ಹೇಳೋಕೆ ಎಂಟು ಸಲ ಬೆಟ್ಟ ಅಗೆಸಿದ್ರಲ್ರೀ! ನೋಡಿ ನನ್ನ ಬೆರಳು, ಬರೀ ಬ್ಲೇಡಿನ ಗಾಯ!" ಅವಳ ದನಿ ಒಡೆಯಿತು.

"ತಪ್ಪಾಯ್ತು. ನಾನು ನಿಮ್ಮನ್ನ ಪ್ರೀತಿಸ್ತೀನಿ. ನಿಮ್ಮ ಸಹಿ ಇಲ್ಲದೆ ಈ ನಕ್ಷೆ ಅಚ್ಚಿಗೆ ಹೋಗಲ್ಲ. ಬೇರೆಯವರ ಹತ್ರ ಬರೆಸಲ್ಲ."

ಟೀಚರ್ ಕೈಯಲ್ಲಿದ್ದ ದಾಳವನ್ನು ಸದ್ದಾಗದಂತೆ ಕೆಳಗಿಟ್ಟರು.

ಅವಳು ಕಣ್ಣೊರೆಸಿಕೊಂಡು ಡಬ್ಬಿ ತೆರೆದಳು. "ಏಳಿ, ಜಾಗ ಬಿಡಿ. ತೂತು ಹಂಗೇ ಬಿಡೋಕಾಗುತ್ತಾ?"

ತೂತಿನ ಹಿಂದೆ ಹೊಸ ಕಾಗದ ಅಂಟಿಸಿದಳು. ಹರಿದ ಅಂಚಿನುದ್ದಕ್ಕೂ ಸಣ್ಣ ಗೆರೆಗಳಲ್ಲಿ ದಡ ಬರೆದಳು. ತೂತು ಸರೋವರವಾಯಿತು. ಬೆಟ್ಟ ಹತ್ತಲು ಹೊರಟಿದ್ದ ಆ ನದಿ ಕೊನೆಗೂ ಕೆಳಗಿಳಿದು ಅದನ್ನು ಸೇರಿತು. ಆಮೇಲೆ ಮೂಲೆಯಲ್ಲಿ, ನಿಧಾನವಾಗಿ, ತನ್ನ ಹೆಸರು ಬರೆದಳು. ಏಳು ವರ್ಷಗಳಲ್ಲಿ ಮೊದಲ ಸಲ.

"ಅಲ್ರೀ, ಶನಿವಾರ ಎರಡೆರಡು ಸಲ ತಲೆ ಬಾಚ್ಕೊಂಡು ಬರ್ತಿದ್ದೆ. ಬೆಟ್ಟಕ್ಕೆ ತೋರಿಸೋಕೆ ಅಂದ್ಕೊಂಡ್ರಾ?"

ಅವನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಕಿವಿಯವರೆಗೂ ಕೆಂಪಾದ.

"ಹಾಗಾದ್ರೆ ಮುಂದಿನ ಶನಿವಾರ... ಕೆಲಸ ಏನೂ ಇಲ್ಲ. ಸುಮ್ನೆ ಬರ್ಲಾ?"

"ಬನ್ನಿ," ಎಂದಳು ಅವಳು, ಶಾಯಿ ಒಣಗಲೆಂದು ಮೆಲ್ಲನೆ ಊದುತ್ತಾ. "ಪೆನ್ಸಿಲ್ ಮಾತ್ರ ಮನೇಲಿಟ್ಟು ಬನ್ನಿ."