ಕುತ್ತಿಗೆಗೆ ಹಚ್ಚಬಾರದ ಎಣ್ಣೆ

“ಹೊಟ್ಟೆಗೆ ಹಚ್ಕೋ. ಕುತ್ತಿಗೆಗೆ ಮಾತ್ರ ತಾಗಿಸ್ಬೇಡ.”

ಸೂಲಗಿತ್ತಿ ರುಸ್ಮಿನಾ ಪುಟ್ಟ ಸೀಸೆಯನ್ನು ಚಾಪೆಯ ಮೇಲಿಟ್ಟಳು. ಕೊಳೆತ ಸಂಪಿಗೆಯ ವಾಸನೆ. ವೆನಿಂಗ್ ನಕ್ಕಳು.

“ತಾಗಿದ್ರೆ ಏನಾಗುತ್ತೆ ಚಿಕ್ಕಮ್ಮ? ತಲೆ ಕಳಚ್ಕೊಂಡು ಹಾರಿಹೋಗುತ್ತಾ?”

“ಹೋಗುತ್ತೆ,” ಎಂದಳು ರುಸ್ಮಿನಾ. ಅವಳು ನಗಲಿಲ್ಲ.

ಬೋರ್ನಿಯೋದ ಬಂಜಾರ್‌ಮಾಸಿನ್ನಿನ ನದಿದಂಡೆಯವರಿಗೆಲ್ಲ ಕುಯಾಂಗ್ ಗೊತ್ತು: ಮೈಯನ್ನು ಮನೆಯಲ್ಲೇ ಬಿಟ್ಟು, ಕರುಳು ಜೋತಾಡಿಸಿಕೊಂಡು, ಹೊಟ್ಟೆಯೊಳಗಿನ ಕೂಸು ತಿನ್ನಲು ಬಸುರಿಯರನ್ನು ಹುಡುಕುತ್ತ ಹಾರುವ ಹೆಂಗಸಿನ ತಲೆ. ಜಾವಾದ ಸುರಬಾಯಾದಿಂದ ಮದುವೆಯಾಗಿ ಬಂದ ವೆನಿಂಗ್ ಔಷಧದಂಗಡಿಯಲ್ಲಿ ಕೆಲಸ ಮಾಡಿದವಳು. ಅವಳಿಗೆ ಗೊತ್ತಿದ್ದ ಭೂತ ಬೇರೆ. ಅಂಡಾಶಯದ ತುಂಬ ನೀರುಗುಳ್ಳೆ, ಮಣಿ ಪೋಣಿಸಿದ ಹಾಗೆ, ಸ್ಕ್ಯಾನಿನಲ್ಲಿ ನೋಡಿದ್ದಳು. ಮುಟ್ಟು ತನಗೆ ಬೇಕಾದಾಗ ಬರುತ್ತಿತ್ತು. ಗಲ್ಲದ ಮೇಲೆ ಕೂದಲು. ಬಸಿರು ನಿಲ್ಲುವುದು, ಹೋಗುವುದು. ಮೂರು ಸಲ ಹೋಗಿತ್ತು. ತೂಕ ಇಳಿಸಿ ಅನ್ನುತ್ತಿದ್ದರು ಡಾಕ್ಟರು, ಅನ್ನ ಬಿಟ್ಟರೂ ಇಳಿಯದ ತೂಕವನ್ನು. ದೋಣಿಯಲ್ಲಿ ತರಕಾರಿ ಮಾರುವವಳೂ ಕೇಳುತ್ತಿದ್ದಳು, “ಇನ್ನೂ ಇಲ್ವೇನಮ್ಮ?”

ಮಾತ್ರೆ ನುಂಗಿದಳು, ಎಣ್ಣೆಯನ್ನೂ ಹಚ್ಚಿದಳು. ನಂಬಿ ಅಲ್ಲ, ಸಾಕಾಗಿ. ಈ ಸಲ ಬಸಿರು ನಿಂತಿತು. ಮಗು ಒದೆಯತೊಡಗಿತು.

ಏಳನೇ ತಿಂಗಳ ಸ್ನಾನಕ್ಕೆ ದಿನ ಗೊತ್ತಾಯಿತು. ಎದೆಗೆ ಸರೋಂಗು ಕಟ್ಟಿ ಕೂರಿಸುತ್ತಾರೆ, ಓಣಿಯ ಹೆಂಗಸರೆಲ್ಲ ಸರದಿಯಲ್ಲಿ ಮಲ್ಲಿಗೆ ನೀರು ಸುರಿಯುತ್ತಾರೆ. ಭುಜ ಬರಿದು, ಕುತ್ತಿಗೆ ಬರಿದು. ವೆನಿಂಗಳ ಕುತ್ತಿಗೆಯ ಸುತ್ತ ಮಖಮಲ್ಲಿನಂಥ ಕಪ್ಪು ಪಟ್ಟಿ.

“ಚೆನ್ನಾಗಿ ತಿಕ್ಕೋ,” ಅಂದಳು ಅತ್ತೆ, ಮೀನು ಹೆಚ್ಚುತ್ತ. “ನಮ್ ಸೊಸೆ ಸ್ನಾನಾನೇ ಮಾಡಲ್ಲ ಅಂದ್ಕೋತಾರೆ.”

“ಅದು ಕೊಳೆ ಅಲ್ಲ ಅತ್ತೆ. ಕಾಯಿಲೆ. ಎಷ್ಟು ಸಲ ಹೇಳ್ಬೇಕು?”

“ನಂಗ್ಯಾಕೆ ಹೇಳ್ತೀಯ? ನಾಳೆ ನೀರು ಹಾಕೋಕೆ ಬರ್ತಾರಲ್ಲ, ಒಬ್ಬೊಬ್ಬರಿಗೂ ಹೇಳು.”

ವೆನಿಂಗ್ ಕೋಣೆಯ ಬಾಗಿಲು ಹಾಕಿಕೊಂಡಳು. ತೆಂಗಿನ ನಾರಿನಿಂದ ಚರ್ಮ ಕಿತ್ತುಬರುವಂತೆ ತಿಕ್ಕಿದಳು. ಕಪ್ಪು ಹೋಗಲಿಲ್ಲ. ಎಣ್ಣೆ ಹಚ್ಚಿದ ಹೊಟ್ಟೆ ಮಾತ್ರ ಎಳೆಬಾಳೆಯ ದಿಂಡಿನ ಹಾಗೆ ಹೊಳೆಯುತ್ತಿತ್ತು. ಅವಳು ಸೀಸೆ ತೆಗೆದಳು.

ಮುಸ್ಸಂಜೆಯ ಬಾಂಗು ಆಗಷ್ಟೇ ನಿಂತಿತ್ತು. ಗಂಡ ಮಸೀದಿಯಲ್ಲಿದ್ದ. ಕರೆಂಟು ಹೋಯಿತು. ಎಣ್ಣೆ ಕುತ್ತಿಗೆಗೆ ತಣ್ಣಗೆ ಇಳಿಯಿತು, ಮತ್ತೆ ಬಿಸಿಯಾಯಿತು. ಉಳಿದ ಬೆಳಕಿನಲ್ಲಿ ಕನ್ನಡಿ ನೋಡಿದಳು. ಪಟ್ಟಿ ಕರಗುತ್ತಿತ್ತು. ಖುಷಿಗೆ ನಗು ಬಂತು. ನಕ್ಕ ಬಾಯಿಯಲ್ಲಿ ಜೊಲ್ಲು ತುಂಬಿತು.

ಹಸಿವು.

ಚಾಪೆಯ ಮೇಲೆ ಒರಗಿದಳು. ಒರಗಿದ್ದು ಮೈ. ತಾನು ಒರಗಲಿಲ್ಲ. ಏನೋ ಬಿಗಿಯಾಗಿ ಎಳೆಯಿತು, ಹಸಿ ಬೇರು ಕೀಳುವಾಗಿನ ಸದ್ದು. ಜಂತಿ ಹತ್ತಿರ ಬಂತು. ಕೆಳಗೆ ತಲೆಯಿಲ್ಲದ ತನ್ನ ಮೈ. ಹೊಟ್ಟೆ ಅಲುಗುತ್ತಿತ್ತು. ಎರಡು ಎದೆಬಡಿತ ಕೇಳಿಸಿತು. ಒಂದು ದಪ್ಪ, ಒಂದು ಸಣ್ಣ. ಸಣ್ಣದಕ್ಕೆ ವಾಸನೆಯಿತ್ತು. ಕಿಟಕಿಗೆ ಹಾರಿದಳು. ದೂರ ಹೋಗಬೇಕು. ನದಿ ದಾಟಬೇಕು. ಕಿಟಕಿಯ ಸರಳು ಕಚ್ಚಿ ಹಿಡಿದಳು. ತುಕ್ಕಿನ ರುಚಿ. ತುಕ್ಕಿನ ರುಚಿಯೂ ನೆತ್ತರಿನಂತಿತ್ತು. ಹಲ್ಲಿನ ಹಿಡಿತ ಸಡಿಲಿತು. ಮಗು ಒದೆಯಿತು. ಅವಳು ತಿರುಗಿದಳು.

ಮರುದಿನ ಬೆಳಿಗ್ಗೆ ಹೆಂಗಸರು ಸಾಲುಗಟ್ಟಿದರು. ಮಲ್ಲಿಗೆ ನೀರು ಭುಜದಿಂದ ಇಳಿಯಿತು.

“ಏನೇ ಇದು, ಕುತ್ತಿಗೆ ದಂತದ ಹಾಗಿದೆ,” ಅಂದಳು ಒಬ್ಬಳು.

“ತಿಕ್ಕೋ ಅಂದಿದ್ದೆ ನಾನು,” ಅತ್ತೆ ಬೀಗಿದಳು. “ಈಗಲಾದ್ರೂ ಕೇಳಿದ್ಲು.”

ರುಸ್ಮಿನಾಳ ಸರದಿ ಬಂತು. ಮಗು ಎತ್ತ ತಿರುಗಿದೆಯೆಂದು ನೋಡಲು ಅವಳು ಹೊಟ್ಟೆಯ ಮೇಲೆ ಕೈಯಾಡಿಸಿದಳು. ಹೊಟ್ಟೆ ನೀರು ತುಂಬಿದ ಚೀಲದ ಹಾಗೆ ತುಳುಕಿತು. ಬೆರಳುಗಳು ಎಡಕ್ಕೆ ಹೋದವು, ಬಲಕ್ಕೆ ಹೋದವು, ಕೆಳಗೆ ಒತ್ತಿದವು. ನಿಂತವು. ಮೆಲ್ಲಗೆ ಕಣ್ಣೆತ್ತಿ ಆ ಬೆಳ್ಳನೆಯ ಕುತ್ತಿಗೆ ನೋಡಿದಳು.

“ಯಾವಾಗ ಹಚ್ಕೊಂಡೆ ಮಗಳೇ?”

ವೆನಿಂಗ್ ಬಾಯಿ ತೆರೆಯಲಿಲ್ಲ. ತೆರೆದರೆ ಹಲ್ಲಿನ ಕೆಂಪು ಕಾಣುತ್ತಿತ್ತು.