ಬಾಟಲಿಯ ತಳದ ಬಿಳಿ ಪುಡಿ

"ಈ ರಿಪೋರ್ಟ್ ಕೊಟ್ಟ ಮಾಹಿರಾ ಯಾರ್ರೀ?"

ದೊಮ್ಮಲೂರಿನ ನೀರು ಪರೀಕ್ಷೆಯ ಆ ಪುಟ್ಟ ಲ್ಯಾಬಿನಲ್ಲಿ ಎಲ್ಲರೂ ತಲೆ ಎತ್ತಿದರು. ಬಾಗಿಲಲ್ಲಿ ನಿಂತಿದ್ದವನು ಹಾಶಿಮ್, ರಾಜಸ್ಥಾನದ ಗ್ಯಾಸ್ ಬಾವಿಯೊಂದರ ಇಂಜಿನಿಯರ್. ಮೂಗಿನ ತುದಿಯಲ್ಲೇ ಕೋಪ!

"ನಾನೇ..."

ಅವನು ಕತ್ತರಿಸಿದ ಪೈಪಿನ ತುಂಡನ್ನು ಅವಳ ಮೇಜಿನ ಮೇಲಿಟ್ಟ. "ನೀವು ಹೇಳಿದಷ್ಟೇ ಕೆಮಿಕಲ್ ಹಾಕಿದ್ವಿ. ಪೈಪಲ್ಲಿ ಉಪ್ಪು ಕಟ್ಟಲ್ಲ ಅಂದಿದ್ರಿ. ನೋಡಿ! ಇನ್ನೊಂದ್ಸಲ ಹೀಗಾದ್ರೆ ಬಾವೀನೇ ಮುಚ್ಚಿಬಿಡ್ತಾರೆ."

ಮಾಹಿರಾ ಒಳಗೆ ಇಣುಕಿದಳು. ಪುಟ್ಟ ಚೌಕ ಹರಳುಗಳು, ಒಂದರ ಮೇಲೊಂದು, ಗಾಜಿನ ಮೆಟ್ಟಿಲುಗಳ ಹಾಗೆ. ಮೂರು ಕಿಲೋಮೀಟರ್ ಆಳದ ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದೆ ಬೆಳೆದಿದ್ದವು.

"ಯಾ ಅಲ್ಲಾ... ಎಷ್ಟು ಚೆನ್ನಾಗಿದೆ!"

"ಚೆನ್ನಾಗಿದ್ಯಾ?!" ಅವನು ಕಕ್ಕಾಬಿಕ್ಕಿಯಾದ.

ಆಗಲೇ ಅವಳಿಗೆ ನೆನಪಾಯಿತು. ಗ್ಯಾಸಿನ ಜೊತೆ ಮೇಲೆ ಬರುವ ನೀರೆಂದು ಅವನು ಕಳಿಸಿದ್ದ ಬಾಟಲಿಯ ತಳದಲ್ಲಿ ಬಿಳಿ ಪುಡಿಯಿತ್ತು. ಮರಳೆಂದುಕೊಂಡು ಸೋಸಿ ಎಸೆದಿದ್ದಳು! ನೆಲದಡಿ ಸುಡುವಷ್ಟು ಬಿಸಿಯಿದ್ದ ನೀರು ಬೆಂಗಳೂರಿನ ತಂಪಿಗೆ ಉಪ್ಪನ್ನು ಕೆಳಗೆ ಬಿಟ್ಟಿತ್ತು. ಸೋಸಿದ ನೀರಿನಲ್ಲಿ ಉಪ್ಪು ಕಡಿಮೆ. ಅದನ್ನು ನಂಬಿ ಅವಳು ಬರೆದ ಕೆಮಿಕಲ್ಲಿನ ಅಳತೆಯೂ ಕಡಿಮೆ.

'ಯಾರಿಗೂ ಗೊತ್ತಿಲ್ಲ... ಸುಮ್ಮನಿದ್ದುಬಿಡಲೇ?'

ಮನಸ್ಸು ಒಪ್ಪಲಿಲ್ಲ.

"ತಪ್ಪು ನಂದೇ," ಎಂದು ಎಲ್ಲವನ್ನೂ ಹೇಳಿಬಿಟ್ಟಳು.

ಸೋಸದೆ ಉಳಿದಿದ್ದ ಇನ್ನೊಂದು ಬಾಟಲಿಯನ್ನು ಇಬ್ಬರೂ ಸೇರಿ ಬಿಸಿ ಮಾಡಿದರು. ಬಿಳಿ ಪುಡಿ ಮೆಲ್ಲಗೆ ಕರಗಿ ಮಾಯವಾಯಿತು. ಇಬ್ಬರೂ ರೆಪ್ಪೆ ಮಿಟುಕಿಸುವುದನ್ನೇ ಮರೆತಿದ್ದರು!

ಅವಳು ಹೊಸ ಅಳತೆ ಬರೆದು, ತನ್ನ ತಪ್ಪನ್ನೂ ಬರೆದು, ಕೆಳಗೆ ಸಹಿ ಹಾಕಿದಳು. ಅವನು ಕಾಗದ ತೆಗೆದುಕೊಂಡು ಒಂದು ಮಾತೂ ಆಡದೆ ಹೊರಟುಹೋದ.

ಐದು ವಾರ. ಒಂದು ಫೋನೂ ಇಲ್ಲ. 'ನನ್ನ ಮುಖ ನೋಡೋಕೂ ಅವರಿಗೆ ಇಷ್ಟ ಇಲ್ಲ...' ಫ್ರೇಜರ್ ಟೌನಿನ ಮನೆಗೆ ಹೋಗುವ ಆಟೋದಲ್ಲಿ ಅವಳು ಎಷ್ಟು ಸಲ ಅತ್ತಳೋ!

ಒಂದು ಮಧ್ಯಾಹ್ನ ಲ್ಯಾಬಿನ ಗೇಟಿನ ಬಳಿ ಅವನೇ ನಿಂತಿದ್ದ, ಬಿಸಿಲಿಗೆ ಕಪ್ಪಾಗಿ.

"ಬಾವಿ...?"

"ಮೂವತ್ತೆರಡು ದಿನದಿಂದ ನಿಲ್ಲದೆ ಗ್ಯಾಸ್ ಬರ್ತಿದೆ! ಒಂದು ಹರಳೂ ಕಟ್ಟಿಲ್ಲ."

ಅವಳ ಕಣ್ಣು ತುಂಬಿತು. "ಫೋನಲ್ಲೇ ಹೇಳ್ಬಹುದಿತ್ತಲ್ಲ... ಇನ್ನೂ ಕೋಪ ಅಂದ್ಕೊಂಡಿದ್ದೆ."

"ಕೋಪಾನಾ? ಅವತ್ತು ಜಗಳ ಆಡೋಕೇ ಬಂದಿದ್ದೆ ರೀ. ನೀವು ತಪ್ಪು ಒಪ್ಕೊಂಡ್ಬಿಟ್ರಿ, ನಂಗೆ ಮಾತೇ ಹೊರಡ್ಲಿಲ್ಲ! ಮತ್ತೆ ಉಪ್ಪು ಕಟ್ಟಿದ್ರೆ ನಿಮ್ಮ ಕೆಲ್ಸ ಹೋಗ್ತಿತ್ತು. ಅದಕ್ಕೇ ದಿನಾ ಆ ಬಾವಿ ಪಕ್ಕಾನೇ ಕಾವಲು ಕೂತಿದ್ದೆ. ಸರಿಹೋದ್ಮೇಲೇ ಎದುರಿಗೆ ಬಂದು ಹೇಳೋಣ ಅಂತ." ಅವನ ದನಿ ತಗ್ಗಿತು. "ನಿಮ್ಮ ಅಮ್ಮಿ ಹತ್ರ ಬಂದು ನಮ್ಮಿಬ್ಬರ ವಿಷಯ ಮಾತಾಡ್ಲಾ?"

"ಮೊದ್ಲು ನನ್ಹತ್ರ ಮಾತಾಡಿ."

"ಏನಂತ?"

"ಐದು ವಾರದ್ದು ಎಲ್ಲಾ! ಒಂದು ದಿನಾನೂ ಬಿಡ್ಬೇಡಿ."

ಅವನು ನಕ್ಕ. "ಮೊದಲ್ನೇ ದಿನ... ವಾಪಸ್ ಹೋಗೋಕೆ ಇನ್ನೂ ವಿಮಾನಾನೇ ಹತ್ತಿರ್ಲಿಲ್ಲ, ನೀವು ಆಗ್ಲೇ ನೆನಪಾಗ್ಬಿಟ್ರಿ."